ಹುಲ್ಲೂ ಜೊತೆಗೂಡುವ ಪ್ರಾರ್ಥನೆ

ಯಹೂದಿ ಧರ್ಮ ಎಂದಕೂಡಲೇ ನಮಗೆ ನೆನಪಾಗುವುದು ಗ್ರಂಥ. ತೋರಾ, ತಾಲ್ಮೂಡ್, ದೀಪದ ಬೆಳಕಿನಲ್ಲಿ ಪುಸ್ತಕದ ಮೇಲೆ ಬಾಗಿ ಕುಳಿತ ಗಡ್ಡದ ಪಂಡಿತರು. ಈ ಚಿತ್ರ ಸುಳ್ಳೇನಲ್ಲ. ಸುಮಾರು 1800 ವರ್ಷಗಳ ಹಿಂದೆ ಸಂಕಲನಗೊಂಡ ಮಿಷ್ನಾದಲ್ಲಿ ಒಂದು ಕಟುವಾದ ಮಾತಿದೆ. ದಾರಿಯಲ್ಲಿ ಪಾಠ ಹೇಳಿಕೊಳ್ಳುತ್ತ ಹೋಗುವವನು ನಡುವೆ ನಿಲ್ಲಿಸಿ ಮರವನ್ನೋ ಉತ್ತ ಹೊಲವನ್ನೋ ಕೊಂಡಾಡಿದರೆ ಅವನು ತನ್ನ ಪ್ರಾಣಕ್ಕೇ ಎರವಾದಂತೆ ಎಂಬ ಅರ್ಥದ ಮಾತು. ಮರ ನೋಡಿದ್ದಕ್ಕೆ ಇಷ್ಟು ದೊಡ್ಡ ತಪ್ಪೇ!

ಆದರೆ ಅದೇ ಮಿಷ್ನಾ ಇನ್ನೊಂದೆಡೆ ಮಿಂಚು, ಗುಡುಗು, ಬೆಟ್ಟ, ಕಡಲು ಕಂಡಾಗ ಹೇಳಬೇಕಾದ ಸ್ತುತಿಗಳನ್ನು ಕಲಿಸುತ್ತದೆ. ವಸಂತದ ನಿಸಾನ್ ತಿಂಗಳಲ್ಲಿ ಹೂಬಿಟ್ಟ ಹಣ್ಣಿನ ಮರ ಕಂಡರೆ ಅದಕ್ಕೂ ತಾಲ್ಮೂಡ್‌ನಲ್ಲಿ ಒಂದು ಸ್ತುತಿಯಿದೆ. ಗಮನಿಸಿ, ಸ್ತುತಿ ಸಲ್ಲುವುದು ಮರಕ್ಕಲ್ಲ, ಮರವನ್ನು ಸೃಷ್ಟಿಸಿದವನಿಗೆ. ಈ ಗೆರೆಯನ್ನು ದಾಟುವಂತಿಲ್ಲ. ಅದರ ಅಂಚಿನಲ್ಲೇ ನಡೆದವರು ಕೆಲವರಿದ್ದರು. ಇಂದು ಅವರ ಕಥೆ.

1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರದಬ್ಬಿತು. ಹಾಗೆ ಚದುರಿದವರ ಸಂತತಿಯಲ್ಲಿ ಅನೇಕರು ಗಲಿಲೀ ಬೆಟ್ಟಗಳ ಮೇಲಿನ ಸಫೇದ್ ಎಂಬ ಊರು ಸೇರಿಕೊಂಡರು. ಅಲ್ಲಿ 1548ರಲ್ಲಿ ಮೋಶೆ ಕೊರ್ದೊವೆರೊ, ತಮ್ಮ ಗುರುವೂ ನೆಂಟರೂ ಆಗಿದ್ದ ಶ್ಲೋಮೋ ಅಲ್ಕಬೆಟ್ಸ್ ಜೊತೆಗೆ ಹೊಲಗಳಲ್ಲಿ ಅಲೆಯತೊಡಗಿದರು. ನಡೆಯುತ್ತ ನಡೆಯುತ್ತ, ಮೊದಲೇ ಯೋಚಿಸಿರದ ಅರ್ಥಗಳು ಧರ್ಮಗ್ರಂಥದ ಸಾಲುಗಳಿಂದ ತಾವಾಗಿ ಹೊಮ್ಮುತ್ತಿದ್ದವಂತೆ. ಈ ಅಲೆದಾಟಕ್ಕೆ ಅವರಿಟ್ಟ ಹೆಸರು ‘ಗೆರುಶೀನ್’, ಅಂದರೆ ಗಡೀಪಾರುಗಳು. ದೇವರ ಸಾನ್ನಿಧ್ಯವೂ ಜನರೊಂದಿಗೆ ದೇಶಭ್ರಷ್ಟವಾಗಿದೆ, ಅದರ ಜೊತೆ ತಾವೂ ಅಲೆಯಬೇಕು ಎಂಬುದು ಅವರ ಭಾವ. ಮನೆ ಕಳೆದುಕೊಂಡ ಜನ ಆ ಕಳೆದುಕೊಂಡಿದ್ದನ್ನೇ ಸಾಧನೆಯಾಗಿ ಮಾಡಿಕೊಂಡ ರೀತಿ ಇದು.

ಅದೇ ಸಫೇದ್‌ನಲ್ಲಿ ಐಸಾಕ್ ಲೂರಿಯಾ ಮತ್ತು ಶಿಷ್ಯರು ಶುಕ್ರವಾರ ಸಂಜೆ ಊರಾಚೆಯ ಬಯಲಿಗೆ ಹೋಗಿ ಸಬ್ಬತ್ ದಿನವನ್ನು ಮದುವಣಗಿತ್ತಿಯಂತೆ ಎದುರುಗೊಳ್ಳುತ್ತಿದ್ದರು. ಇಂದು ಯಾವ ದೇಶದ ಸಿನಗಾಗ್‌ಗೆ ಹೋದರೂ ಅಲ್ಕಬೆಟ್ಸ್ ಬರೆದ ‘ಲೆಖಾ ದೋದಿ’ ಹಾಡಿನ ಕೊನೆಯ ಚರಣಕ್ಕೆ ಎಲ್ಲರೂ ಬಾಗಿಲ ಕಡೆ ತಿರುಗುವುದನ್ನು ಕಾಣಬಹುದು. ಗೋಡೆಗಳ ನಡುವೆ ಉಳಿದುಕೊಂಡ ಬಯಲಿನ ನೆನಪು ಅದು.

ಇನ್ನು ಉಕ್ರೇನಿಗೆ ಬರೋಣ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಹುಟ್ಟಿದ ಹಸೀದ್ ಪಂಥ, ದೇವರಿಲ್ಲದ ತಾಣವೇ ಇಲ್ಲ ಎಂದು ಸಾರಿತು. ಕಲ್ಲುಮರಗಳಲ್ಲೂ ದೇವರೆಂದರೆ ಗೆರೆ ಅಳಿಸಿಹೋಗುವುದಿಲ್ಲವೇ ಎಂದು ವಿಲ್ನಾದ ಪಂಡಿತರು ಸಿಡಿದೆದ್ದರು. 1772ರಲ್ಲಿ ಅಲ್ಲಿಂದ ಹಸೀದರ ಮೇಲೆ ಬಹಿಷ್ಕಾರ ಹೊರಟಿತು. ಅದೇ ವರ್ಷ ಮೆಜಿಬೋಜ್ ಊರಿನಲ್ಲಿ, ಪಂಥದ ಮೂಲಪುರುಷ ಬಾಲ್ ಶೆಮ್ ತೋವ್ ಅವರ ಮೊಮ್ಮಗಳ ಹೊಟ್ಟೆಯಲ್ಲಿ ನಾಖ್ಮನ್ ಹುಟ್ಟಿದರು. ಮುಂದೆ ಬ್ರಾತ್ಸ್ಲವ್‌ನ ರಬ್ಬಿ ಎಂದು ಹೆಸರಾದವರು ಇವರೇ.

ನಾಖ್ಮನ್ ಹೇಳಿದ ಸಾಧನೆಯ ಹೆಸರು ‘ಹಿತ್ಬೋದೆದೂತ್’, ಅಂದರೆ ಒಂಟಿಯಾಗಿರುವುದು. ದಿನಕ್ಕೊಂದು ತಾಸು, ಸಾಧ್ಯವಾದರೆ ರಾತ್ರಿ, ಜನ ಓಡಾಡದ ಹಾದಿ ಹಿಡಿದು ಹೋಗಬೇಕು. ಅಲ್ಲಿ ದೇವರ ಜೊತೆ ಮಾತಾಡಬೇಕು. ಪ್ರಾರ್ಥನೆಯ ಹೀಬ್ರೂವಿನಲ್ಲಲ್ಲ, ಮನೆಯಲ್ಲಾಡುವ ಯಿದ್ದಿಷ್‌ನಲ್ಲಿ. ಸಾಲ, ಸಂಸಾರ, ಪಶ್ಚಾತ್ತಾಪ, ಎಲ್ಲ ಹೇಳಬಹುದು. ಬಾಯಿ ಕಟ್ಟಿದರೆ ಒಂದೇ ಪದವನ್ನು ಮತ್ತೆ ಮತ್ತೆ ಹೇಳಿದರೂ ಆಯಿತು. ನಿಗದಿಯಾದ ಮೂರು ಹೊತ್ತಿನ ಪ್ರಾರ್ಥನೆ ಹೇಗೂ ಇದ್ದೇ ಇದೆ, ಇದು ಅದರ ಮೇಲಿನದು.

ಹೊಲವೇ ಏಕೆ? ಇಲ್ಲಿ ಹೀಬ್ರೂ ಭಾಷೆಯ ಒಂದು ಸೊಗಸಿದೆ. ‘ಸೀಯಖ್’ ಎಂದರೆ ಮಾತುಕತೆ, ಪೊದೆ ಎಂಬ ಅರ್ಥವೂ ಉಂಟು. ಆದಿಕಾಂಡದಲ್ಲಿ ಇಸಾಕ ಸಂಜೆ ಹೊಲಕ್ಕೆ ಹೋದದ್ದನ್ನು ಹೇಳುವ ಪದವೂ ಇದೇ ಬೇರಿನದು. ಯಹೂದಿಗಳ ಇಳಿಹೊತ್ತಿನ ಪ್ರಾರ್ಥನೆಗೆ ಮೂಲ ಆ ಸಂಜೆಯೇ ಎನ್ನುತ್ತದೆ ತಾಲ್ಮೂಡ್. ನಾಖ್ಮನ್ ಇದನ್ನೇ ಹಿಡಿದು, ಹೊಲದಲ್ಲಿ ಪ್ರಾರ್ಥಿಸುವವನ ಮಾತಿನೊಳಗೆ ಸುತ್ತಲಿನ ಹುಲ್ಲುಕಡ್ಡಿಯೆಲ್ಲ ಬಂದು ಸೇರಿ ಬಲ ಕೊಡುತ್ತದೆ ಎಂದರು. ಅಂದರೆ ಹುಲ್ಲು ಪೂಜೆಗೊಳ್ಳುವುದಿಲ್ಲ, ಪ್ರಾರ್ಥಿಸುವವನ ಪಕ್ಕದಲ್ಲಿ ನಿಂತು ತಾನೂ ಪ್ರಾರ್ಥಿಸುತ್ತದೆ. ಪಂಡಿತರು ಭಯಪಟ್ಟ ಗೆರೆ ಅಳಿಯಲಿಲ್ಲ ಎಂದೇ ನನ್ನ ಅನಿಸಿಕೆ.

ಕಾಲವನ್ನೂ ನೋಡಬೇಕು. ರಷ್ಯಾದ ಚಕ್ರವರ್ತಿ ಒಂದನೆಯ ಅಲೆಕ್ಸಾಂಡರ್ 1804ರಲ್ಲಿ ತಂದ ಕಾನೂನು ಯಹೂದಿಗಳನ್ನು ಹಳ್ಳಿಗಳಿಂದ ಎಬ್ಬಿಸಲು ಹೊರಟಿತ್ತು. ಅದು ಪೂರ್ತಿ ಜಾರಿಯಾಗಲಿಲ್ಲ, ಆದರೆ ಭಯವಂತೂ ನಿಜವಾಗಿತ್ತು. ಹಳ್ಳಿ ಬಿಡಿ ಎಂದು ಸರ್ಕಾರ ಹೇಳುತ್ತಿದ್ದ ಕಾಲದಲ್ಲೇ ಈ ರಬ್ಬಿ ಹೊಲಕ್ಕೆ ಹೋಗಿ ಎನ್ನುತ್ತಿದ್ದರು.

ಕ್ಷಯರೋಗ ಅವರನ್ನು ಬೇಗ ಮುಗಿಸಿತು. 1768ರ ಹತ್ಯಾಕಾಂಡದಲ್ಲಿ ಸತ್ತವರ ನಡುವೆ ಮಲಗಬೇಕೆಂದು ಉಮಾನ್ ಊರಿಗೆ ಬಂದು, 1810ರಲ್ಲಿ, 38ರ ಹರೆಯದಲ್ಲಿ ತೀರಿಕೊಂಡರು. ಉತ್ತರಾಧಿಕಾರಿಯನ್ನು ಯಾರೂ ನೇಮಿಸಲಿಲ್ಲ. ಶಿಷ್ಯ ನಾಥನ್ ಬರೆದಿಟ್ಟ ಮಾತುಗಳೇ ಆಸ್ತಿ. ಗುರುವಿಲ್ಲದ ಈ ಗುಂಪನ್ನು ಇತರರು ‘ಸತ್ತ ಹಸೀದರು’ ಎಂದು ಗೇಲಿ ಮಾಡಿದರು. ಸೋವಿಯತ್ ಕಾಲದಲ್ಲಿ ಸಮಾಧಿಗೆ ಕದ್ದುಮುಚ್ಚಿ ಹೋಗಬೇಕಿತ್ತು. 1991ರ ನಂತರ ಪ್ರತಿ ಯಹೂದಿ ಹೊಸ ವರ್ಷಕ್ಕೆ ಸಾವಿರಾರು ಜನ ಅಲ್ಲಿ ನೆರೆಯುತ್ತಾರೆ.

ಇಸ್ರೇಲಿನಲ್ಲಿ ಅವರ ಅನುಯಾಯಿಗಳು ಈಗಲೂ ರಾತ್ರಿ ಕಾಡು, ಬಯಲುಗಳಿಗೆ ಹೋಗಿ ಗಟ್ಟಿಯಾಗಿ ದೇವರೊಡನೆ ಮಾತಾಡುತ್ತಾರೆ. ಅವರಲ್ಲಿ ಬಹಳ ಮಂದಿಗೆ ಮನೆಮಾತು ಯಿದ್ದಿಷ್ ಅಲ್ಲ. ನಾಖ್ಮನ್ ಅವರ ಕಾಲದಲ್ಲಿ ಯಾರ ಮನೆಯಲ್ಲೂ ಆಡದಿದ್ದ ಹೀಬ್ರೂವೇ ಇಂದು ಅವರ ತಾಯ್ನುಡಿ.