ಕಾಡುಕೋಳಿಯ ಕೊರಳೂ ಬಣ್ಣದ ಬಾನಿಯೂ

ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜವಿನೋದಗಳೊಡನೆ ಮತ್ಸ್ಯವಿನೋದವೂ ಸೇರಿದೆ. ಗಾಳ, ದಾರ, ಮೀನುಗಳ ಜಾತಿಭೇದ, ಅವಕ್ಕೆ ಹಾಕತಕ್ಕ ಎರೆ ಇವೆಲ್ಲವೂ ಅಲ್ಲಿ ವರ್ಣಿತವಾಗಿವೆ. ಆದರೆ ಆ ಎರೆಯು ಮೀನು ನಿಜವಾಗಿ ತಿನ್ನತಕ್ಕ ಪದಾರ್ಥ. ಆಂಗ್ಲರ ಪದ್ಧತಿಯೇ ಬೇರೆ. ಗಾಳಕ್ಕೆ ಗರಿ, ರೇಶಿಮೆ, ರೋಮಗಳನ್ನು ಸುತ್ತಿ ಹುಸಿನೊಣವೊಂದನ್ನು ನಿರ್ಮಿಸಿ, ಅದರಿಂದ ಮೀನನ್ನು ವಂಚಿಸುವುದು ಅವರ ವಿನೋದ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳವಿದ್ಯೆಯ ಗ್ರಂಥದಲ್ಲಿ ಇಂತಹ ಹನ್ನೆರಡು ನೊಣಗಳ ವಿವರವೂ, ಗಾಳದ ದಾರಕ್ಕಾಗಿ ಕುದುರೆಯ ಬಾಲದ ಕೂದಲಿಗೆ ಬಣ್ಣ ಕಟ್ಟುವ ಕ್ರಮವೂ ಉಂಟು.

19ನೆಯ ಶತಮಾನದಲ್ಲಿ ಸಾಲ್ಮನ್ ಎಂಬ ದೊಡ್ಡ ಮೀನಿಗಾಗಿ ಕಟ್ಟುವ ನೊಣಗಳು ಅತಿವರ್ಣಮಯವಾದವು. ಇಷ್ಟು ಬಣ್ಣದ ನೊಣವು ಸೃಷ್ಟಿಯಲ್ಲಿ ಎಲ್ಲಿಯೂ ಇಲ್ಲ. ಅದು ಮೀನಿಗಿಂತ ಮನುಷ್ಯನನ್ನೇ ಹೆಚ್ಚಾಗಿ ಮರುಳುಗೊಳಿಸಿತೆಂದರೂ ಸಲ್ಲುವುದು. ಹಂಸ, ಬಾತುಗಳ ಬಿಳಿಯ ಗರಿಗಳಿಗೆ ಹವ್ಯಾಸಿಗಳು ತಮ್ಮ ಮನೆಗಳಲ್ಲಿಯೇ ಬಣ್ಣ ಕಟ್ಟುತ್ತಿದ್ದರು. ಮೊದಲು ಸಾಬೂನಿನ ನೀರಿನಲ್ಲಿ ತೊಳೆದು ಗರಿಯ ಜಿಡ್ಡನ್ನು ತೆಗೆಯಬೇಕು. ಜಿಡ್ಡಿದ್ದಲ್ಲಿ ಬಣ್ಣ ಹತ್ತದು. ಬಳಿಕ ಬಣ್ಣ ಕಲಸಿದ ಬಿಸಿನೀರಿನಲ್ಲಿ ಅದ್ದಿ, ತುಸು ಹುಳಿಯನ್ನು ಬೆರೆಸಬೇಕು. ನೀರು ಕುದಿದರೆ ಗರಿ ಕೆಡುತ್ತದೆ. ಹಳದಿಗೆ ನಮ್ಮ ಅರಿಸಿನವೇ ಸಾಕಾಗುತ್ತಿತ್ತು, ಬಿಸಿಲಿಗೆ ಮಾಸುವುದೊಂದೇ ಅದರ ದೋಷ. 1856ರಲ್ಲಿ ಪರ್ಕಿನ್ನನು ಕೃತಕವರ್ಣವನ್ನು ಕಂಡುಹಿಡಿದ ತರುವಾಯ ಪುಡಿಬಣ್ಣಗಳು ಬಂದು ಕೆಲಸ ಸುಲಭವಾಯಿತು.

ಬೆಳಗಾವಿಯ ಶಹಾಪುರ, ವಡಗಾವಿಗಳ ನೇಕಾರರ ನೆರೆಯಲ್ಲಿ ಬೆಳೆದವರಿಗೆ ಇದರ ಮರ್ಮವು ಹೊಸತಲ್ಲ. ರೇಶಿಮೆ, ಉಣ್ಣೆ, ಗರಿ ಮೂರೂ ಪ್ರಾಣಿಜನ್ಯಗಳು. ಹುಳಿಯ ನೀರಿನಲ್ಲಿ ಬಣ್ಣವನ್ನು ತಾವಾಗಿ ಹೀರಿಕೊಳ್ಳುತ್ತವೆ. ಹತ್ತಿಯು ಸಸ್ಯಜನ್ಯ, ಹಳೆಯ ಪದ್ಧತಿಯಲ್ಲಿ ಹೆಚ್ಚಿನ ಬಣ್ಣಗಳು ಅದಕ್ಕೆ ನಿಲ್ಲಬೇಕಾದರೆ ಅಳಲೆಕಾಯಿಯ ಒಗರೂ ಪಟಿಕವೂ ಬೇಕು.

ಆದರೆ ಯಾವ ಬಾನಿಯಲ್ಲಿ ಅದ್ದಿದರೂ ದೊರೆಯದ ಗರಿಯೊಂದಿತ್ತು. ಖಾನಾಪುರದ ಘಟ್ಟದ ಕಾಡುಗಳಲ್ಲಿ ವಾಸಿಸುವ ಬೂದುಬಣ್ಣದ ಕಾಡುಕೋಳಿಯ ಹುಂಜದ ಕೊರಳ ಗರಿಯೇ ಅದು. ಈ ಹಕ್ಕಿ ಭಾರತದಲ್ಲಿ ಮಾತ್ರ ಇರತಕ್ಕದ್ದು. 1813ರಲ್ಲಿ ಟೆಮ್ಮಿಂಕನು ಫ್ರೆಂಚ್ ಪ್ರವಾಸಿ ಸೊನ್ನೆರಾನ ಹೆಸರಿನಿಂದ ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು. ಬೆಳಗಾವಿಯ ದಂಡಿನಲ್ಲಿದ್ದ ಬಟ್ಲರನೆಂಬ ಅಧಿಕಾರಿಯು ದಖ್ಖನ್ ಮತ್ತು ದಕ್ಷಿಣ ಮಹಾರಾಷ್ಟ್ರ ಸೀಮೆಯ ಪಕ್ಷಿಗಳ ಪಟ್ಟಿಯನ್ನು 1881ರಲ್ಲಿ ಪ್ರಕಟಿಸಿದನು. ಅದು ಅಚ್ಚಾದುದು ಹ್ಯೂಮ್ ಸಾಹೇಬನ ಪತ್ರಿಕೆಯಲ್ಲಿ. ಆ ಪತ್ರಿಕೆಯ ಹೆಸರಿನ ಅರ್ಥವೇ ಚದುರಿದ ಗರಿಗಳು!

ಈ ಕೊರಳ ಗರಿಯಲ್ಲಿ ದಂಟೇ ಅಗಲವಾಗಿ ಹರಡಿ, ಅರಗನ್ನು ತೊಟ್ಟಿಕ್ಕಿದಂತೆ ನುಣುಪಾದ ಬಿಳಿ ಹಾಗೂ ಹಳದಿಯ ಚುಕ್ಕೆಗಳಾಗುತ್ತವೆ. ನೊಣದ ಪಕ್ಕದಲ್ಲಿ ಇದನ್ನಿಟ್ಟರೆ ಮೀನಿನ ಕಣ್ಣಿನಂತೆ ಹೊಳೆಯುವುದು. ಜಾಕ್ ಸ್ಕಾಟ್ ಎಂಬ ಪ್ರಸಿದ್ಧ ನೊಣಕ್ಕೆ ಇದು ಅವಶ್ಯಕವಾದ ಅಂಗ. ಹೀಗಾಗಿ ಸ್ಕಾಟ್ಲೆಂಡಿನ ಹೊಳೆಗಳ ವಿನೋದಕ್ಕಾಗಿ ದಕ್ಷಿಣ ಭಾರತದ ಹುಂಜಗಳ ಕೊರಳಿನ ಚರ್ಮವು ಗರಿಸಹಿತ ಹಡಗನ್ನೇರುತ್ತಿತ್ತು. ಬಣ್ಣವು ಬಾನಿಯಲ್ಲಿ ಸಿಗುವಾಗ ಹಕ್ಕಿಗೆ ಭಯವಿಲ್ಲ. ಸಿಗದಾಗ ಅದರ ಚೆಲುವೇ ಅದಕ್ಕೆ ಮೃತ್ಯುವಾಯಿತು.

ಹೆಂಗಸರ ಟೊಪ್ಪಿಗೆಗಳ ಅಲಂಕಾರಕ್ಕಾಗಿಯೂ ಆಗ ಅಸಂಖ್ಯ ಪಕ್ಷಿಗಳು ಹತವಾಗುತ್ತಿದ್ದವು. 1902ರಲ್ಲಿ ಭಾರತ ಸರಕಾರವು ಕಾಡುಹಕ್ಕಿಗಳ ಗರಿ, ಚರ್ಮಗಳ ನಿರ್ಯಾತವನ್ನು ನಿಷೇಧಿಸಿತು. ಶಾಸ್ತ್ರಾಧ್ಯಯನದ ಮಾದರಿಗಳಿಗೆ ವಿನಾಯಿತಿಯಿತ್ತು. ಕೊಳ್ಳುವ ದೇಶವಾದ ಬ್ರಿಟನ್ನು ತನ್ನ ಬಾಗಿಲನ್ನು ಮುಚ್ಚುವ ಶಾಸನವನ್ನು ಮಾಡಿದ್ದು 1921ರಲ್ಲಿ. ನಡುವಿನ 19 ವರ್ಷಗಳ ವಿಳಂಬವನ್ನು ಮರೆಯಲಾಗದು. ಮಾರುವವನ ಕೈಯನ್ನು ಕಟ್ಟಿ ಕೊಳ್ಳುವವನನ್ನು ಬಿಟ್ಟರೆ ಕಳ್ಳಸಾಗಣೆಗೆ ದಾರಿಯಾಗುವುದು ಸಹಜ. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಈ ಹಕ್ಕಿಗೆ ದೇಶದೊಳಗೂ ರಕ್ಷಣೆಯನ್ನಿತ್ತಿತು.

ಇತ್ತ ನೊಣ ಕಟ್ಟುವವರಲ್ಲಿ ಅನೇಕರು ಮತ್ತೆ ಬಣ್ಣಗಾರಿಕೆಯನ್ನೇ ಆಶ್ರಯಿಸಿದರು. ಸಾಕುಕೋಳಿಯ ಗರಿಗೆ ಕಪ್ಪು ಕಟ್ಟಿ, ಅದರ ಮೇಲೆ ಬಿಳಿ, ಹಳದಿ ಅರಗಿನ ಬೊಟ್ಟುಗಳನ್ನಿಟ್ಟು ಆ ಚುಕ್ಕೆಯನ್ನು ಅನುಕರಿಸುತ್ತಾರೆ. ಹತ್ತಿರದಿಂದ ನೋಡಿದರೆ ವ್ಯತ್ಯಾಸ ತಿಳಿಯದೆ ಇರದು; ಮೀನು ಮಾತ್ರ ಆಕ್ಷೇಪಿಸುವುದಿಲ್ಲ. ಖಾನಾಪುರ ತಾಲೂಕಿನ ಭೀಮಗಡದ ಅರಣ್ಯವು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. ಕಾಡುಕೋಳಿಯ ಹುಂಜವು ಸಂತಾನಕಾಲ ಮುಗಿದ ಬಳಿಕ ಕೊರಳಿನ ಆ ಚುಕ್ಕೆಯ ಗರಿಗಳನ್ನು ತಾನೇ ಉದುರಿಸಿ, ಕೆಲವು ಕಾಲ ಮಂಕಾದ ಗರಿಗಳನ್ನು ತೊಟ್ಟುಕೊಂಡು ಅಲ್ಲಿಯ ಪೊದೆಗಳಲ್ಲಿ ಅಡಗಿರುತ್ತದೆ.