ಅಂಕೋಲೆಯ ಕರನಿರಾಕರಣೆ: ಜಮೀನು ಕೊಟ್ಟರು, ಕಂದಾಯ ಕೊಡಲಿಲ್ಲ

ಭೂಕಂದಾಯವನ್ನು ಉದ್ದೇಶಪೂರ್ವಕವಾಗಿ ತಡೆಹಿಡಿದು, ಅದಕ್ಕಾಗಿ ಜಮೀನನ್ನೇ ಕಳೆದುಕೊಳ್ಳಲು ರೈತರು ಸಿದ್ಧರಾದ ಚಳವಳಿಗೆ ಕರನಿರಾಕರಣೆ ಎಂದು ಹೆಸರು. 1930ರ ದಶಕದ ಆರಂಭದಲ್ಲಿ ಉತ್ತರ ಕನ್ನಡದಲ್ಲಿ ನಡೆದ ಈ ಚಳವಳಿಯಿಂದ ಅಂಕೋಲಾ 'ಕರ್ನಾಟಕದ ಬಾರ್ಡೋಲಿ' ಎನಿಸಿಕೊಂಡಿತು.

ಹಿನ್ನೆಲೆ

ಮದರಾಸು ಪ್ರಾಂತದಲ್ಲಿದ್ದ ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ನಿಂತುಹೋಗಿದ್ದ ಕಾಲವದು. ಧಾರವಾಡ ಸೀಮೆಯ ಹತ್ತಿಯನ್ನು ಸಮುದ್ರಕ್ಕೆ ತಲುಪಿಸಲು ಕಾರವಾರ ಬಂದರಿಗೂ ಘಟ್ಟದ ರಸ್ತೆಗೂ ಸರ್ಕಾರ ಹಣ ತೊಡಗಿಸಿತು. ಮುಂದೆ ರೈಲುಮಾರ್ಗ ಗೋವೆಯ ಮುರಗಾಂವಿಗೆ ಹೋಯಿತು. ಕಾರವಾರದ ಬಂದರು ಸೊರಗಿತು. ಆ ವೆಚ್ಚದಲ್ಲಿ ಭತ್ತ ಬೆಳೆಯುವ ಅಂಕೋಲೆಯ ರೈತನ ಹಿತ ಎಷ್ಟಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಕಂದಾಯವನ್ನು ಮಾತ್ರ ಆತ ನಗದಾಗಿಯೇ ಸಲ್ಲಿಸಬೇಕಿತ್ತು. 1879ರ ಮುಂಬಯಿ ಭೂಕಂದಾಯ ಸಂಹಿತೆಯಂತೆ ಬಾಕಿ ಉಳಿಸಿಕೊಂಡವನ ಜಮೀನನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಸರ್ಕಾರಕ್ಕಿತ್ತು. 1929ರ ನಂತರದ ಜಾಗತಿಕ ಕುಸಿತದಲ್ಲಿ ಭತ್ತ, ಅಡಿಕೆಗಳ ಧಾರಣೆ ಬಿದ್ದರೂ ನಿಗದಿಯಾಗಿದ್ದ ಕಂದಾಯ ತಾನಾಗಿ ಇಳಿಯುವಂತಿರಲಿಲ್ಲ.

ಉಪ್ಪಿನಿಂದ ಭೂಮಿಗೆ

ಮೊದಲು ಮುರಿದದ್ದು ಉಪ್ಪಿನ ಕಾನೂನು. ಆಗ ಒಂದು ಮಣ ಉಪ್ಪಿಗೆ ಒಂದು ರೂಪಾಯಿ ನಾಲ್ಕು ಆಣೆ ತೆರಿಗೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಉಪ್ಪು ತಯಾರಾಯಿತು. ಮೊದಲ ಪೊಟ್ಟಣವನ್ನು ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಕೊಂಡರು. ಅಷ್ಟು ಹಣಕ್ಕೆ 24 ಮಣ ಉಪ್ಪಿನ ತೆರಿಗೆ ತೀರುತ್ತಿತ್ತು!

ಬಳಿಕ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಭೂಕಂದಾಯದ ನಿರಾಕರಣೆ ಬಲವಾಗಿ ಹಬ್ಬಿತು. ಅಂಕೋಲೆಯಲ್ಲಿ ನಾಡವರು ಮುಂಚೂಣಿಯಲ್ಲಿದ್ದರು. ದನಕರು, ಪಾತ್ರೆ-ಪರಡಿ ಜಪ್ತಿಯಾದವು. ಜಮೀನು ಹರಾಜಿಗೆ ಬಂತು. ಸಿದ್ದಾಪುರದ ಮಾವಿನಗುಂಡಿಯಲ್ಲಿ ಮಹಿಳೆಯರು ಜಪ್ತಿಯಾದ ಆಸ್ತಿ ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಜಿಲ್ಲೆಯಲ್ಲಿ ಸುಮಾರು 800 ಕುಟುಂಬಗಳು ಭೂಮಿ ಕಳೆದುಕೊಂಡವು. ಸೆರೆಮನೆ ಕಂಡವರು ಸುಮಾರು ಸಾವಿರ, ಅವರಲ್ಲಿ ನೂರರಷ್ಟು ಮಹಿಳೆಯರು.

ಮರಳಿ ಬಂದ ಜಮೀನು

1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದದಿಂದ ರೈತರಿಗೆ ದೊರೆತದ್ದು ಅರೆ ಪರಿಹಾರ. ಸರ್ಕಾರದ ವಶದಲ್ಲೇ ಉಳಿದಿದ್ದ ಜಮೀನು ಹಿಂತಿರುಗಬಹುದಿತ್ತು. ಮೂರನೆಯವರಿಗೆ ಮಾರಾಟವಾದುದನ್ನು ಸರ್ಕಾರ ಅಂತಿಮವೆಂದೇ ಪರಿಗಣಿಸಿತು. 1932ರಲ್ಲಿ ಚಳವಳಿ ಮರುಕಳಿಸಿ ಮತ್ತಷ್ಟು ಜಮೀನು ಹೋಯಿತು.

1937ರಲ್ಲಿ ಬಿ.ಜಿ. ಖೇರ್ ನೇತೃತ್ವದ ಕಾಂಗ್ರೆಸ್ ಸರ್ಕಾರ ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದಾಗ ಪ್ರಶ್ನೆ ತಿರುವುಮುರುವಾಯಿತು. ಜಮೀನನ್ನು ಮೂಲ ಒಡೆಯರಿಗೆ ಕೊಡಬೇಕಾದರೆ ಹರಾಜಿನಲ್ಲಿ ಕೊಂಡವರಿಗೆ ಪರಿಹಾರ ತೆರಬೇಕು. ಆ ಹಣ ಬರಬೇಕಾದದ್ದು ಸರ್ಕಾರದ ಬೊಕ್ಕಸದಿಂದ, ಅಂದರೆ ತೆರಿಗೆ ಕಟ್ಟಿದ ಇತರರಿಂದ. ತೆರಿಗೆ ನಿರಾಕರಿಸಿದವರಿಗಾಗಿ ತೆರಿಗೆಯ ಹಣ ವಿನಿಯೋಗಿಸಬಹುದೇ? 1938ರ ಮುಟ್ಟುಗೋಲು ಜಮೀನುಗಳ ಪುನರ್‌ಪ್ರದಾನ ಕಾಯ್ದೆಯ ಮೂಲಕ ಖೇರ್ ಸರ್ಕಾರ ಹೌದೆಂದೇ ಉತ್ತರಿಸಿತು. ಕೊಂಡವರಿಗೆ ಪರಿಹಾರ ನೀಡಿ ಪಡೆದ ಭೂಮಿ ಹಳೆಯ ಒಡೆಯರ ಕೈ ಸೇರತೊಡಗಿತು. 1939ರ ನವೆಂಬರಿನಲ್ಲಿ ಆ ಸರ್ಕಾರ ರಾಜೀನಾಮೆ ನೀಡಿತು.

ಉಪ್ಪಿನ ತೆರಿಗೆ 1947ರಲ್ಲಿ ರದ್ದಾಯಿತು. ಮರುವರ್ಷ, 1948ರಲ್ಲಿ, ಮುಂಬಯಿ ಶಾಸನಸಭೆ ಖಾರ್ ಜಮೀನು ಕಾಯ್ದೆಯನ್ನು ಅಂಗೀಕರಿಸಿತು. ಹಿನ್ನೀರ ಅಂಚಿನ ಗಜನಿ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿ ಕಾಯುವ ಕೆಲಸದಲ್ಲಿ ಸರ್ಕಾರವೂ ಹೊಣೆ ಹೊರಲು ಇದು ದಾರಿ ಮಾಡಿತು.