ರೋಗಶಾಸ್ತ್ರದಿಂದ ತಳಿವಿಜ್ಞಾನಕ್ಕೆ: ಕೋಲ್ಮನ್ ಮತ್ತು ಕೊಡಗಿನ ಕಾಫಿ

ಕೊಡಗಿನ ಕಾಫಿಯ ಇತಿಹಾಸವನ್ನು ಅದನ್ನು ಕಾಡಿದ ರೋಗಗಳಿಂದ ಬೇರ್ಪಡಿಸಿ ಬರೆಯಲಾಗದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಂಡಕೊರಕ ಹುಳುವೂ, 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಬಳಿಕ ದಕ್ಷಿಣ ಭಾರತಕ್ಕೆ ಹರಡಿದ ಎಲೆತುಕ್ಕು ರೋಗವೂ ಅರೇಬಿಕಾ ತೋಟಗಳನ್ನು ತೀವ್ರವಾಗಿ ಬಾಧಿಸಿದವು. ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಹುಡಿಯಾಗಿ ಬೆಳೆದು ಎಲೆಗಳನ್ನು ಅಕಾಲದಲ್ಲಿ ಉದುರಿಸುವ ಈ ಶಿಲೀಂಧ್ರವನ್ನು ಎದುರಿಸುವ ಪ್ರಯತ್ನವೇ ಮಲೆನಾಡಿನಲ್ಲಿ ತಳಿವಿಜ್ಞಾನಕ್ಕೆ, ಎಂದರೆ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಸಾಗುವ ಬಗೆಯ ಅಧ್ಯಯನಕ್ಕೆ, ದಾರಿ ಮಾಡಿಕೊಟ್ಟಿತು.

ಆ ದಾರಿಯನ್ನು ಸಿದ್ಧಪಡಿಸಿದವರಲ್ಲಿ ಪ್ರಮುಖರಾದ ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954) ವೃತ್ತಿಯ ಆರಂಭದಲ್ಲಿ ತಳಿವಿಜ್ಞಾನಿಯಾಗಿರಲಿಲ್ಲ. ಕೆನಡಾದಲ್ಲಿ ಜನಿಸಿ, ಟೊರಾಂಟೊ ಮತ್ತು ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ಓದಿದ ಅವರು, 1908ರಲ್ಲಿ ಕೀಟಗಳನ್ನೂ ಶಿಲೀಂಧ್ರಗಳನ್ನೂ ಅಭ್ಯಸಿಸುವ ತಜ್ಞರಾಗಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಳೆ ಹಿಡಿಯುವ ಮೊದಲೇ ಅಡಕೆ ಗೊನೆಗಳಿಗೆ ಬೋರ್ಡೋ ದ್ರಾವಣ, ಎಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ, ಸಿಂಪಡಿಸಿ ಕೊಳೆರೋಗವನ್ನು ತಡೆಯುವ ಕ್ರಮವನ್ನು ರೂಢಿಗೆ ತಂದ ಅವರೇ ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ಸ್ಥಾಪನೆಯಲ್ಲಿಯೂ ಅವರ ಪಾತ್ರ ದೊಡ್ಡದು.

ಕೊಡಗು ಆಗ ಮೈಸೂರಿನ ಆಡಳಿತಕ್ಕೆ ಸೇರದ ಪ್ರತ್ಯೇಕ ಪ್ರಾಂತ್ಯವಾಗಿದ್ದರೂ, ಈ ಕೇಂದ್ರದ ತಳಿ ಅಭಿವೃದ್ಧಿಗೆ ಬೇಕಾದ ಮೂಲ ಗಿಡವೊಂದು ದೊರೆತದ್ದು ಕೊಡಗಿನ ಡೂಬ್ಲಾ ತೋಟದಲ್ಲಿ. ಎಸ್. 26 ಎಂದು ಗುರುತಿಸಲಾದ ಆ ಗಿಡವನ್ನು ಅರೇಬಿಕಾ ಮತ್ತು ಲಿಬೆರಿಕಾ ಜಾತಿಗಳ ಸಹಜ ಸಂಕರವೆಂದು ಪರಿಗಣಿಸಲಾಗಿದೆ. ಗುಣಗಳ ವಾಹಕವಾದ ವರ್ಣತಂತುಗಳು ಅರೇಬಿಕಾದ ಕೋಶದಲ್ಲಿ 44, ಲಿಬೆರಿಕಾದಲ್ಲಿ 22 ಇರುವುದರಿಂದ ಇವೆರಡರ ನಡುವೆ ಫಲವಂತ ಸಂಕರ ಏರ್ಪಡುವುದು ಅಪರೂಪ. ಎಸ್. 26ರ ಸಂತತಿಯಾದ ಎಸ್. 288ರಲ್ಲಿ ತುಕ್ಕುನಿರೋಧಕ ಶಕ್ತಿಯಿದ್ದರೂ ಬೀಜದಲ್ಲಿ ದೋಷಗಳಿದ್ದುದರಿಂದ, ಅದನ್ನು ಕೆಂಟ್ಸ್ ಎಂಬ ಅರೇಬಿಕಾ ತಳಿಯೊಂದಿಗೆ ಕೂಡಿಸಿ, 1940ರ ದಶಕದಲ್ಲಿ ತೋಟಗಳಿಗೆ ಬಿಡುಗಡೆಯಾದ ಎಸ್. 795 ತಳಿಯನ್ನು ರೂಪಿಸಲಾಯಿತು. 1946ರಲ್ಲಿ ಕೊಡಗಿನ ಚೆಟ್ಟಳ್ಳಿಯಲ್ಲಿಯೇ ಉಪಕೇಂದ್ರ ಸ್ಥಾಪನೆಯಾಗಿ ಸಂಶೋಧನೆ ಬೆಳೆಗಾರರಿಗೆ ಹತ್ತಿರವಾಯಿತು.

ಇತ್ತ 1934ರಲ್ಲಿ ಮೈಸೂರಿನ ಸೇವೆಯಿಂದ ನಿವೃತ್ತರಾದ ಕೋಲ್ಮನ್, ವಿಶ್ರಾಂತಿಯ ವಯಸ್ಸಿನಲ್ಲಿ ಕೆನಡಾದಲ್ಲಿ ಸಸ್ಯಕೋಶಗಳ ವರ್ಣತಂತುಗಳ ಅಧ್ಯಯನಕ್ಕೆ ತೊಡಗಿದರು. ಕೋಶಕೇಂದ್ರದ ಡಿಎನ್‌ಎಗೆ ಕೆನ್ನೇರಳೆ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ಗೋಚರವಾಗಿಸುವ ಫಾಯ್ಲ್‌ಗೆನ್ ವಿಧಾನಕ್ಕೆ ಬೇಕಾದ ದ್ರವವನ್ನು ತಯಾರಿಸುವ ಕ್ರಮವನ್ನು ಅವರು 1938ರಲ್ಲಿ ಪ್ರಕಟಿಸಿದರು.

ಹೀಗೆ ಕೊಳೆತ ಗೊನೆ, ಉದುರಿದ ಎಲೆಗಳ ಪರೀಕ್ಷೆಯಿಂದ ಹೊರಟ ವಿಜ್ಞಾನಿಯೂ, ತುಕ್ಕಿಗೆ ಮಣಿಯದ ಗಿಡವನ್ನು ಅರಸಿದ ಕಾಫಿ ಸಂಶೋಧನೆಯೂ ವರ್ಣತಂತುಗಳ ಲೋಕವನ್ನೇ ತಲುಪಿದವು. ತುಕ್ಕಿನ ಹೊಸ ಪ್ರಭೇದಗಳು ಮುಂದೆ ಎಸ್. 795ರ ನಿರೋಧಕ ಶಕ್ತಿಯನ್ನೂ ಮೀರಿದವಾದ್ದರಿಂದ ಈ ಕೆಲಸ ನಿಂತಿಲ್ಲ. ಆದರೂ ಆ ತಳಿ ಇಂದಿಗೂ ಕೊಡಗಿನ ಅರೇಬಿಕಾ ತೋಟಗಳಲ್ಲಿ ಉಳಿದಿರುವುದು, ಕರ್ನಾಟಕದ ತಳಿವಿಜ್ಞಾನದ ಚರಿತ್ರೆಯಲ್ಲಿ ಪ್ರಯೋಗಾಲಯದಷ್ಟೇ ಗೌರವದ ಸ್ಥಾನ ತೋಟಕ್ಕೂ ಸಲ್ಲಬೇಕೆಂಬುದಕ್ಕೆ ಸಾಕ್ಷಿ.